ಕವಚ ತಡೆಯದ ಪೆಟ್ಟು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದಲ್ಲಿ ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆಯನ್ನು ಮುಂದಕ್ಕೆ ಒಯ್ಯುತ್ತಾರೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಮೊದಲು ಅಚ್ಚಾದದ್ದು 1974ರಲ್ಲಿ. ಪಾತ್ರ ಕಟ್ಟುವವರ ಮೊದಲ ಚಿಂತೆ ಅದನ್ನು ಸಾಯದಂತೆ ಉಳಿಸಿಕೊಳ್ಳುವುದು ಹೇಗೆ ಎಂಬುದು. 2014ರಲ್ಲಿ ಬಂದ ಐದನೆಯ ಆವೃತ್ತಿಯ ನಿಯಮದಂತೆ ಮೈತುಂಬ ಉಕ್ಕಿನ ಕವಚ ತೊಟ್ಟರೆ ರಕ್ಷಣೆಯ ಅಂಕ 18, ಜೊತೆಗೆ ಗುರಾಣಿ ಹಿಡಿದರೆ 20. ಎದುರಾಳಿ ಇಪ್ಪತ್ತು ಮುಖದ ದಾಳ ಉರುಳಿಸಿ, ತನ್ನ ಬಲದ ಅಂಕ ಕೂಡಿಸಿ ಆ ಮೊತ್ತ ಮುಟ್ಟಿದರಷ್ಟೇ ಪೆಟ್ಟು ತಾಗುತ್ತದೆ. ಆದರೆ ಅದೇ ಆಟದಲ್ಲಿ ಇನ್ನೊಂದು ಬಗೆಯ ದಾಳಿ ಇದೆ. ಮಾಂತ್ರಿಕನೊಬ್ಬ ಮೋಹ ಬೀರಿದಾಗ ಅಥವಾ ಭಯ ಬಿತ್ತಿದಾಗ ಕವಚದ ಅಂಕವನ್ನು ಯಾರೂ ಕೇಳುವುದಿಲ್ಲ. ಆಗ ದಾಳ ಉರುಳಿಸಬೇಕಾದವನು ದಾಳಿಗೆ ಗುರಿಯಾದವನೇ. ಲೆಕ್ಕಕ್ಕೆ ಬರುವುದು ಅವನ ವಿವೇಕ. ತಲೆಯಿಂದ ಕಾಲಿನವರೆಗೆ ಉಕ್ಕು ತೊಟ್ಟ ಯೋಧ ಒಂದು ಮಾತಿಗೆ ಸೋತು ತನ್ನವರ ಮೇಲೆಯೇ ಕತ್ತಿ ಎತ್ತಬಹುದು. ಆಟದ ಅನುಕೂಲಕ್ಕೆ ಮಾಡಿಕೊಂಡ ಈ ವಿಂಗಡಣೆಯಲ್ಲಿ ಧರ್ಮಚಿಂತನೆಯ ಬಹು ಹಳೆಯ ಪ್ರಶ್ನೆಯೊಂದಿದೆ. ಹೊರಗಿನಿಂದ ಬೀಳುವ ಪೆಟ್ಟು ಒಂದು, ನಮ್ಮ ಒಪ್ಪಿಗೆ ಪಡೆದು ಒಳಗೆ ಬರುವ ಪೆಟ್ಟು ಇನ್ನೊಂದು. ಒಂದಕ್ಕೆ ಮಾಡಿಕೊಂಡ ರಕ್ಷಣೆ ಇನ್ನೊಂದಕ್ಕೆ ಒದಗುವುದಿಲ್ಲ. ಇವೆರಡನ್ನೂ ಬೆರೆಸಿದಲ್ಲಿ ಜೀವವೂ ಹೋಗುತ್ತದೆ, ಧರ್ಮವೂ ಕೆಡುತ್ತದೆ ಎಂಬುದು ನನ್ನ ವಾದ.

ಬೆಳಗಾವಿಯಲ್ಲಿ ಈ ಎರಡೂ ಬಗೆಯ ರಕ್ಷಣೆ ಒಂದೇ ಆವರಣದಲ್ಲಿ ಕಾಣಸಿಗುತ್ತದೆ. ಸವದತ್ತಿಯಿಂದ ಬಂದು, ಆಗ ವೇಣುಗ್ರಾಮವೆನಿಸಿದ್ದ ಈ ಊರನ್ನು ರಾಜಧಾನಿ ಮಾಡಿಕೊಂಡ ರಟ್ಟರಲ್ಲಿ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಮಲ ಬಸದಿಯನ್ನು ಕಟ್ಟಿಸಿದ. ಅದರ ಸುತ್ತಲಿನ ಕೋಟೆಗೆ ಮೊದಲ ಕಲ್ಲು ಇಟ್ಟ ಶ್ರೇಯಸ್ಸೂ ಅವನಿಗೇ ಸಲ್ಲುತ್ತದೆ. ಆಮೇಲೆ ಆಳಿದವರು ಗೋಡೆಯನ್ನೂ ಕಂದಕವನ್ನೂ ಬಲಪಡಿಸುತ್ತಲೇ ಹೋದರು. ಆದರೂ 1473ರಲ್ಲಿ ಮಹಮೂದ್ ಗವಾನನ ಬಹಮನಿ ಸೇನೆ ಮದ್ದು ಸಿಡಿಸಿ ಒಳಹೊಕ್ಕಿತು, 1818ರಲ್ಲಿ ಬ್ರಿಟಿಷರು ಮುತ್ತಿಗೆ ಹಾಕಿ ಹಿಡಿದರು. ಆ ಗೋಡೆಗಳ ನಡುವಿನ ಬಸದಿಗೆ ಆಧಾರವಾದ ಶಾಸ್ತ್ರ ಬೇರೆಯದೇ ರಕ್ಷಣೆಯನ್ನು ಹೇಳುತ್ತದೆ. ದಿಗಂಬರರೂ ಶ್ವೇತಾಂಬರರೂ ಒಪ್ಪುವ ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಕರ್ಮ ಜೀವದೊಳಗೆ ಹರಿದು ಬರುವುದು ನಮ್ಮದೇ ಮನಸ್ಸು, ಮಾತು, ಮೈಗಳ ಚಲನೆಯಿಂದ. ಅದು ಆಸ್ರವ, ಅದನ್ನು ತಡೆಯುವುದು ಸಂವರ. ತಡೆಯುವ ಉಪಾಯಗಳಲ್ಲಿ ಮೊದಲನೆಯದು ಗುಪ್ತಿ, ಅಂದರೆ ಆ ಮೂರರ ಮೇಲಿನ ಕಾವಲು. ಎರಡನೆಯದು ಸಮಿತಿ: ನಡೆಯುವಾಗ, ಮಾತಾಡುವಾಗ, ಒಂದು ವಸ್ತುವನ್ನು ಎತ್ತಿ ಇಡುವಾಗ ಬೇರೊಂದು ಜೀವಕ್ಕೆ ನೋವಾಗದಂತೆ ಇರುವ ಎಚ್ಚರ. ಹೀಗೆ ಕಾವಲಿದ್ದವರು ಲೋಕಕ್ಕೆ ಕಿವುಡಾಗುತ್ತಾರೆ ಎಂದು ಯಾರಾದರೂ ಹೇಳಿದರೆ ಬಸದಿಯ ಮೂಲನಾಯಕನನ್ನೇ ನೆನೆಯಬೇಕು. ತನ್ನ ಮದುವೆಯ ಔತಣಕ್ಕೆಂದು ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿ, ದಿಬ್ಬಣವನ್ನು ಅಲ್ಲೇ ಬಿಟ್ಟು ತಪಸ್ಸಿಗೆ ನಡೆದವನು ನೇಮಿನಾಥ. ಕಾವಲು ಕಟ್ಟಬೇಕಾದದ್ದು ದ್ವೇಷಕ್ಕೆ, ಲೋಭಕ್ಕೆ. ಇನ್ನೊಬ್ಬರ ನೋವಿಗೆ ಆ ಬಾಗಿಲು ತೆರೆದೇ ಇರುತ್ತದೆ.

ನಮ್ಮ ಪರಂಪರೆಯಲ್ಲೇ ಮಂತ್ರದ ಕವಚಗಳಿವೆಯಲ್ಲ, ಅವು ಹೊರಗಿನ ಪೆಟ್ಟನ್ನೂ ತಡೆಯುತ್ತವೆಂದು ಶಾಸ್ತ್ರವೇ ಹೇಳುತ್ತದಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಭಾಗವತದ ಆರನೆಯ ಸ್ಕಂಧದಲ್ಲಿ ವಿಶ್ವರೂಪನು ಇಂದ್ರನಿಗೆ ನಾರಾಯಣ ಕವಚವನ್ನು ಉಪದೇಶಿಸುತ್ತಾನೆ. ಅದನ್ನು ಪಡೆದ ಇಂದ್ರ ಅಸುರರನ್ನು ಗೆದ್ದ ಎಂದೇ ಗ್ರಂಥ ಹೇಳುತ್ತದೆ. ಇಷ್ಟನ್ನು ಓದಿ ನಿಲ್ಲಿಸುವವರು ಮುಂದಿನ ಅಧ್ಯಾಯವನ್ನೂ ಓದಬೇಕು. ಕವಚ ಕೊಟ್ಟ ಆ ಗುರುವೇ ತಾಯಿಯ ಕಡೆಯ ನಂಟಿನಿಂದ ಅಸುರರಿಗೂ ಗುಟ್ಟಾಗಿ ಹವಿಸ್ಸು ಕೊಡುತ್ತಿದ್ದನೆಂದು ತಿಳಿದಾಗ ಇಂದ್ರ ಸಿಟ್ಟಿನಿಂದ ಅವನ ತಲೆಗಳನ್ನು ಕತ್ತರಿಸುತ್ತಾನೆ. ಬ್ರಹ್ಮಹತ್ಯೆ ಅವನಿಗೆ ಅಂಟುತ್ತದೆ, ಮಗನನ್ನು ಕಳೆದುಕೊಂಡ ತ್ವಷ್ಟೃವಿನ ಯಜ್ಞಕುಂಡದಿಂದ ವೃತ್ರ ಏಳುತ್ತಾನೆ. ಅಂಗಾಂಗಕ್ಕೂ ದೇವರ ಹೆಸರಿನ ಕಾವಲಿದ್ದವನ ಒಳಗೆ ಸಿಟ್ಟು ಯಾವ ತಡೆಯೂ ಇಲ್ಲದೆ ಹುಟ್ಟಿತು. ಈ ಎರಡು ಅಧ್ಯಾಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟ ಪುರಾಣಕಾರನಿಗೆ ಕವಚದ ಮಹಿಮೆಯೂ ಗೊತ್ತಿತ್ತು, ಅದು ಎಲ್ಲಿಗೆ ಮುಗಿಯುತ್ತದೆ ಎಂಬುದೂ ಗೊತ್ತಿತ್ತು ಎಂದು ನಾನು ನಂಬುತ್ತೇನೆ.

ಮುಧೋಳದ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಭೀಷ್ಮರ ಮಾತಿನಂತೆ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂರುತ್ತಾನೆ. ಅವನಿಗೆ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿರಲಿಲ್ಲ. ನೀರಿನೊಳಕ್ಕೆ ಯಾರ ಗದೆಯೂ ತಲುಪದು. ಭೀಮನ ಮೂದಲಿಕೆ ಮಾತ್ರ ತಲುಪುತ್ತದೆ. ಅವನನ್ನು ದಡಕ್ಕೆ ತಂದದ್ದು ಅವನದೇ ಅಭಿಮಾನ. ಕರ್ಣನ ಕತೆ ಇದಕ್ಕೆ ಹತ್ತಿರದ್ದೇ ಆದರೂ ತೂಕ ಬೇರೆ. ಅವನ ಹುಟ್ಟುಕವಚವನ್ನು ಬಾಣ ಸೀಳಲಾರದು, ಆದ್ದರಿಂದಲೇ ಇಂದ್ರ ಬ್ರಾಹ್ಮಣನಾಗಿ ಬಂದು ಬೇಡಿದ. ವನಪರ್ವದಲ್ಲಿ ಸೂರ್ಯ ಕನಸಿನಲ್ಲಿ ಬಂದು ಮೊದಲೇ ಎಚ್ಚರಿಸಿದ್ದ. ಕರ್ಣ ಎಲ್ಲ ತಿಳಿದೇ ಕೊಟ್ಟ. ಇದು ಸೋಲಲ್ಲವೇ ಎಂದು ಕೇಳಬಹುದು. ಯುದ್ಧದ ಲೆಕ್ಕದಲ್ಲಿ ಸೋಲೇ, ಅವನು ಬದಲಿಗೆ ಪಡೆದ ಶಕ್ತ್ಯಾಯುಧವೂ ಘಟೋತ್ಕಚನ ಮೇಲೆ ಮುಗಿದುಹೋಯಿತು. ಆದರೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂದು ಅವನು ತೀರ್ಮಾನಿಸಿದ್ದ, ದೇಹಕ್ಕಿಂತ ಕೊಟ್ಟ ಮಾತನ್ನು ಮೇಲಿಟ್ಟಿದ್ದ. ದುರ್ಯೋಧನನ ಅಭಿಮಾನ ಅವನನ್ನು ಎಳೆದು ತಂದಿತು, ಕರ್ಣ ತಾನಾಗಿ ಆರಿಸಿಕೊಂಡ. ಇಬ್ಬರ ಕವಚವೂ ನಿಷ್ಪ್ರಯೋಜಕವಾದರೂ ಇವರನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಆಟೋ ನಗರದಿಂದ ಬರುತ್ತದೆ. ಬೆಳಗಾವಿಯ ಈ ಕೈಗಾರಿಕಾ ಬಡಾವಣೆಯ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವವನಿಗೆ, ಊರಿನ ಫೌಂಡ್ರಿಯಲ್ಲಿ ಕಾದ ಕಬ್ಬಿಣ ಸುರಿಯುವವನಿಗೆ ಒಳಗಿನ ಕಾವಲಿನ ಉಪದೇಶ ಮಾಡುವುದು ಕ್ರೌರ್ಯವಲ್ಲವೇ? ಹೌದು, ಕ್ರೌರ್ಯವೇ. ಕಿಡಿ ಸಿಡಿದು ಕಣ್ಣು ಹೋದರೆ ಅದು ಯಾರ ಕರ್ಮಾಸ್ರವವೂ ಅಲ್ಲ, ಕೊಡಬೇಕಾದ ಕನ್ನಡಕವನ್ನು ಮಾಲೀಕ ಕೊಡದ ಫಲ. ಹೊರಗಿನ ಪೆಟ್ಟಿಗೆ ಹೊರಗಿನ ರಕ್ಷಣೆಯೇ ಬೇಕು. ಅದನ್ನು ಒದಗಿಸದೆ ಕೆಲಸಗಾರನಿಗೆ ಸಹನೆ ಬೋಧಿಸುವ ಧರ್ಮ, ಧರ್ಮದ ಹೆಸರಿನ ಮೋಸ. ಬೆರಕೆ ಇನ್ನೊಂದು ದಿಕ್ಕಿನಿಂದಲೂ ಆಗುತ್ತದೆ. ಆಯುಧ ಪೂಜೆಯೆಂದೂ ಕರೆಯುವ ಖಂಡೇ ಪೂಜೆಯಲ್ಲಿ ಗಾಡಿಗೆ ಮಾಲೆ ಹಾಕಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಡುವ ಭಕ್ತಿಯಲ್ಲಿ ತಪ್ಪಿಲ್ಲ. ಅನ್ನ ಕೊಡುವ ಯಂತ್ರಕ್ಕೆ ಕೈಮುಗಿಯುವುದು ಒಳ್ಳೆಯ ಮನಸ್ಸಿನ ಗುರುತು. ಸವೆದ ಬ್ರೇಕಿನ ಬದಲಿಗೆ ಆ ಲಿಂಬೆಹಣ್ಣನ್ನು ನೆಚ್ಚಿದಾಗ ಮಾತ್ರ ಅದು ತಪ್ಪು. ಮೋಟಾರು ವಾಹನ ಕಾಯ್ದೆಯ 129ನೆಯ ಸೆಕ್ಷನ್ ಹೆಲ್ಮೆಟ್ ಕಡ್ಡಾಯ ಮಾಡಿದೆ, ಪೊಲೀಸರಿಗೆ ತೋರಿಸಲೆಂದು ಅರ್ಧ ತಲೆ ಮುಚ್ಚುವ ಟೊಪ್ಪಿಗೆ ಹಾಕಿಕೊಂಡು ಹೋಗುವವರು ಎಷ್ಟೋ ಮಂದಿ. ಇನ್ನು ಪೂರಾ ಹೆಲ್ಮೆಟ್ ಹಾಕಿಕೊಂಡ ಧೈರ್ಯದಲ್ಲೇ ಸಿಗ್ನಲ್ ಹಾರಿಸುವವನ ಕೈಯಿಂದ ಪಾದಚಾರಿಯನ್ನು ಕಾಪಾಡುವ ಹೆಲ್ಮೆಟ್ ಎಲ್ಲಿದೆ? ಅಲ್ಲಿ ಬೇಕಾದದ್ದು ಬಸದಿಯ ಶಾಸ್ತ್ರ ಸಮಿತಿ ಎಂದು ಕರೆದ ಆ ಎಚ್ಚರ, ಅದೂ ನಡೆಯುವಾಗಿನ ಎಚ್ಚರ.

ಒಳಗಿನ ದಾಳಿಗೆ ಸೋತವರನ್ನೆಲ್ಲ ದೂಷಿಸಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಆಟ ಇಲ್ಲಿ ಕರುಣೆಯಿಂದ ನಡೆದುಕೊಂಡಿದೆ. ವಿವೇಕ ಎಷ್ಟೇ ಇದ್ದರೂ ದಾಳ ಕೆಟ್ಟದಾಗಿ ಬೀಳಬಹುದು. ವಿವೇಕದಿಂದ ಸಾಧ್ಯತೆ ಹೆಚ್ಚುತ್ತದೆಯೇ ಹೊರತು ಖಾತರಿ ಸಿಗುವುದಿಲ್ಲ. ಮಾಡಿದ ತಪ್ಪನ್ನು ನೆನೆದು ಪಶ್ಚಾತ್ತಾಪಪಡುವ ಜೈನರ ಪ್ರತಿಕ್ರಮಣವೂ ಇದನ್ನು ಒಪ್ಪಿಕೊಂಡೇ ಹುಟ್ಟಿದ ಆಚರಣೆ. ತಪ್ಪು ಮತ್ತೆ ಮತ್ತೆ ಆಗುತ್ತದೆಂದು ತಿಳಿದೇ ಆ ಆಚರಣೆಯನ್ನು ಮತ್ತೆ ಮತ್ತೆ ಮಾಡುತ್ತಾರೆ. ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ವಿಷಯ ಇನ್ನೂ ಕಠಿಣ. ಹಳ್ಳದಲ್ಲಿ ಸ್ನಾನಕ್ಕಿಳಿಯುವಾಗ ಖಡ್ಗವನ್ನು ನಂಬಿದವನ ಕೈಗೆ ಕೊಟ್ಟ, ಅಲ್ಲೇ ಸೆರೆಯಾದ ಎಂದು ಜನರ ಹಾಡು ಹೇಳುತ್ತದೆ. ಅವನ ವಿವೇಕ ಸೋತಿರಲಿಲ್ಲ, ಸೋತದ್ದು ಜೊತೆಗಿದ್ದವನ ವಿವೇಕ. ನನ್ನ ವಾದಕ್ಕೆ ಇದು ಪೆಟ್ಟಾಗುವ ಬದಲು ಅದನ್ನು ಇನ್ನಷ್ಟು ದೂರ ಒಯ್ಯುತ್ತದೆ. ಉಕ್ಕಿನ ಕವಚ ತೊಟ್ಟವನೊಬ್ಬನನ್ನೇ ಕಾಯುತ್ತದೆ, ಒಳಗಿನ ರಕ್ಷಣೆ ಹಾಗಲ್ಲ. ಆಟದಲ್ಲಿ ಪ್ಯಾಲಡಿನ್ ಎಂಬ ವ್ರತನಿಷ್ಠ ಯೋಧ ಆರನೆಯ ಹಂತ ಮುಟ್ಟಿದರೆ, ಅವನ ಸುತ್ತ ಹತ್ತು ಅಡಿಯೊಳಗಿನ ಸಂಗಾತಿಗಳಿಗೂ ಮೋಹವನ್ನು, ಭಯವನ್ನು ತಡೆಯುವ ಬಲ ಹೆಚ್ಚುತ್ತದೆ. ಸತ್ಸಂಗದ ಬಗ್ಗೆ ನಮ್ಮ ಹಿರಿಯರು ಹೇಳುತ್ತ ಬಂದದ್ದೂ ಇದನ್ನೇ. ಒಬ್ಬನ ದೃಢತೆ ಹತ್ತಿರ ನಿಂತವರಿಗೆ ಆಸರೆಯಾಗುತ್ತದೆ, ಒಬ್ಬನ ಆಸೆ ಹತ್ತಿರ ನಿಂತವರ ಕೊರಳಿಗೆ ಬರುತ್ತದೆ. ಹಾಗಾಗಿ ಒಳಗಿನ ಕಾವಲು ಸ್ವಂತದ ಮೋಕ್ಷಕ್ಕೆ ಸೀಮಿತವಾದ ಸ್ವಾರ್ಥವೆಂಬ ಟೀಕೆ ನಿಲ್ಲುವುದಿಲ್ಲ.

ಮೇಜಿನ ಆಟಕ್ಕೆ ಪಾತ್ರ ಕಟ್ಟುವ ಹುಡುಗ ಹುಡುಗಿಯರು ಕವಚಕ್ಕೆ ಕೊಟ್ಟಷ್ಟೇ ಗಮನವನ್ನು ಪಾತ್ರದ ವಿವೇಕಕ್ಕೂ ಕೊಡಲಿ, ತಮ್ಮ ಪಾತ್ರ ಯಾವ ಮಾತಿಗೆ ಸೋಲಬಹುದೆಂದು ಆಟಕ್ಕೆ ಕೂರುವ ಮೊದಲೇ ಯೋಚಿಸಲಿ. ಆಟೋ ನಗರದ ಮಾಲೀಕರಲ್ಲಿ ನನ್ನದೊಂದು ಬೇಡಿಕೆಯಿದೆ. ಈ ಸಲದ ಖಂಡೇ ಪೂಜೆಯಲ್ಲಿ ಯಂತ್ರಗಳಿಗೆ ಕುಂಕುಮ ಹಚ್ಚುವ ಮೊದಲು ಕೆಲಸಗಾರರೆಲ್ಲರ ಕೈಗವಸು, ಕನ್ನಡಕ, ಬೂಟುಗಳನ್ನು ಒಮ್ಮೆ ತೆಗೆದು ನೋಡಿ, ಹರಿದದ್ದನ್ನು ಆ ದಿನವೇ ಬದಲಿಸಿ.