ಎಡಗಾಲು ಮತ್ತು ಮೂರನೇ ಗುಂಡಿ

ಬ್ಯಾಂಡಿಗೆ ಸೇರುವುದು ಅಂದರೆ ಮೊದಲು ನಮ್ಮ ನಡಿಗೆಯನ್ನು ಬಿಟ್ಟುಕೊಡುವುದು. ದೊಡ್ಡ ಡ್ರಮ್ಮಿನ ಏಟಿಗೆ ಎಡಗಾಲು ಬೀಳಬೇಕು, ಅಷ್ಟೇ. ನಿಮಗೆ ಹಸಿವೋ, ಬಿಸಿಲೋ, ಲವ್ ಫೇಲ್ಯೂರೋ, ಡ್ರಮ್ಮಿಗೆ ಅದೆಲ್ಲ ಬೇಡ. ಶಕ್ತಿನಗರದಲ್ಲಿ ಆಗಸ್ಟ್ ಹತ್ತಿರ ಬಂತೆಂದರೆ ಶಾಲೆ ಮಕ್ಕಳ ಪ್ರಾಕ್ಟೀಸು ನಮ್ಮ ಬಾಲ್ಕನಿಗೆ ಕೇಳ್ತದೆ. ಮೊದಲ ವಾರ ಸಹಿಸಲಿಕ್ಕಾಗುವುದಿಲ್ಲ ಮಾರಾಯ್ರೆ. ಮೂರನೇ ವಾರಕ್ಕೆ ಅದೇ ಮಕ್ಕಳ ಸದ್ದು ಕೇಳಿದರೆ ಕೆಲಸ ಬಿಟ್ಟು ನಿಲ್ಲುವಂತಾಗುತ್ತದೆ. ಹೀಗೆ ಗುಂಪಿಗಾಗಿ ನಮ್ಮನ್ನು ನಾವು ಎಷ್ಟರವರೆಗೆ ಬಿಟ್ಟುಕೊಡಬಹುದು?

ನಮ್ಮ ರಾಜ್ಯದಲ್ಲಿ ಬ್ಯಾಂಡಿನ ದೊಡ್ಡ ಪರಂಪರೆ ಮೈಸೂರು ಅರಮನೆಯದ್ದು, 1868ರಷ್ಟು ಹಳೆಯದು. ರಾಜರ ಆಳ್ವಿಕೆ ಹೋಯಿತು, ಬ್ಯಾಂಡು ಪೊಲೀಸ್ ಇಲಾಖೆಗೆ ಬಂತು, ಜಂಬೂ ಸವಾರಿಯಲ್ಲಿ ಪೊಲೀಸ್ ಬ್ಯಾಂಡ್ ಈಗಲೂ ನುಡಿಸುತ್ತದೆ. ಕಾಲೇಜಿನಲ್ಲಿ ಬ್ಯಾಂಡ್ ಅಂದರೆ ನಮಗೆ ಹೆಚ್ಚಾಗಿ 1948ರಲ್ಲಿ ಶುರುವಾದ ಎನ್‌ಸಿಸಿಯ ನೆನಪು. ವಿಶ್ವವಿದ್ಯಾಲಯಕ್ಕೊಂದು ಬ್ಯಾಂಡು, ಆ ಬ್ಯಾಂಡಿಗೊಂದು ಪುರಾಣ, ಇದೆಲ್ಲ ಅಮೆರಿಕದಲ್ಲಿ ಬೆಳೆದದ್ದು.

ಅಲ್ಲಿ ಫ್ಲಾರಿಡಾ ಎ ಆಂಡ್ ಎಂ ಎಂಬ ಕಪ್ಪು ಜನರ ವಿಶ್ವವಿದ್ಯಾಲಯದ ಬ್ಯಾಂಡು, 'ಮಾರ್ಚಿಂಗ್ 100', ಬಹಳ ಹೆಸರುವಾಸಿ. ಫ್ರೆಂಚ್ ಕ್ರಾಂತಿಗೆ ಇನ್ನೂರು ವರ್ಷ ತುಂಬಿದಾಗ, 1989ರಲ್ಲಿ, ಪ್ಯಾರಿಸ್ಸಿನ ಮೆರವಣಿಗೆಯಲ್ಲಿ ನಡೆದ ತಂಡ ಅದು. ಅದೇ ಬ್ಯಾಂಡಿನಲ್ಲಿ ಇನ್ನೊಂದು ಸಂಪ್ರದಾಯವೂ ಇತ್ತು. ಕತ್ತಲೆ ಬಸ್ಸಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬೇಕು, ಎರಡೂ ಕಡೆಯಿಂದ ಜೊತೆಗಾರರು ಹೊಡೆಯುತ್ತಾರೆ. ದಾಟಿದವನಿಗೆ ಮರ್ಯಾದೆ. 2011ರ ನವೆಂಬರಿನಲ್ಲಿ ಇಪ್ಪತ್ತಾರು ವರ್ಷದ ಡ್ರಮ್ ಮೇಜರ್ ಒಬ್ಬ ಹಾಗೆ ನಡೆದು ಸತ್ತುಹೋದ. ಬ್ಯಾಂಡನ್ನು 2013ರವರೆಗೆ ನಿಲ್ಲಿಸಿದರು.

ಇದನ್ನು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇಂಜಿನಿಯರಿಂಗ್ ಮೊದಲ ವರ್ಷ ಹಾಸ್ಟೆಲಿನಲ್ಲಿ ಸೀನಿಯರ್ ಎದುರು ಬಂದರೆ ನಾವು ನಮ್ಮ ಶರ್ಟಿನ ಮೂರನೇ ಗುಂಡಿ ನೋಡಿಕೊಂಡು ನಿಲ್ಲಬೇಕಿತ್ತು. ಹಳ್ಳಿಯಿಂದ ಬಂದವರಿಗೆ ಇಂಗ್ಲಿಷಿನಲ್ಲಿ ಪರಿಚಯ ಹೇಳಿಸುವುದು ಬೇರೆ. ಯಾಕೆ ಅಂದರೆ 'ನಾವೂ ನಿಂತಿದ್ದೆವು' ಅನ್ನುವುದೊಂದೇ ಉತ್ತರ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. 2009ರಲ್ಲಿ ಯುಜಿಸಿಯ ಕಟ್ಟುನಿಟ್ಟಿನ ನಿಯಮ ಬಂತು, ಅಫಿಡವಿಟ್ ಬಂತು. ಆದರೆ ಆ ಉತ್ತರ ಹೋಗಿದೆಯಾ?

ಹಳೇ ಕೋಡು ಯಾಕೆ ಇದೆ ಅಂತ ಗೊತ್ತಾಗದಿದ್ದರೆ ನಾವು ಅದನ್ನು ತೆಗೆದು ಟೆಸ್ಟ್ ಓಡಿಸಿ ನೋಡ್ತೇವೆ. ಬಿಸಿಲಿನ ಪ್ರಾಕ್ಟೀಸು ತೆಗೆದರೆ ಹೆಜ್ಜೆ ತಪ್ಪುತ್ತದೆ. ಬಸ್ಸಿನ ಏಟು ತೆಗೆದರೆ ಒಂದು ಸ್ವರವೂ ಕೆಡುವುದಿಲ್ಲ. ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡು 1936ರಿಂದ ಮೈದಾನದಲ್ಲಿ ನಡೆಯುತ್ತಲೇ 'ಒಹಾಯೊ' ಅಂತ ಇಂಗ್ಲಿಷಿನಲ್ಲಿ ಕೂಡಿಸಿ ಬರೆಯುತ್ತದೆ. ಕೊನೆಗೆ ಹಿರಿಯ ಸೂಸಫೋನ್ ವಾದಕನೊಬ್ಬ ಗತ್ತಿನಿಂದ ಹೋಗಿ 'ಐ' ಅಕ್ಷರದ ಮೇಲೆ ಚುಕ್ಕೆಯಾಗಿ ನಿಂತು ಬಾಗಿ ನಮಸ್ಕರಿಸುತ್ತಾನೆ. ಅದನ್ನು ತೆಗೆದರೂ ಸ್ವರ ಕೆಡುವುದಿಲ್ಲ! ಆದರೂ ನಾನಂತೂ ತೆಗೆಯಲಾರೆ. ಉಪಯೋಗ ಇಲ್ಲದ್ದೆಲ್ಲ ಕೆಟ್ಟದ್ದಲ್ಲ. ಆ ಚುಕ್ಕೆಯಾಗಲಿಕ್ಕೆ ಯಾರನ್ನೂ ಕೆಳಗೆ ಹಾಕಬೇಕಾಗಿಲ್ಲ, ವ್ಯತ್ಯಾಸ ಅಲ್ಲಿ ಉಂಟು.

ಫ್ಲಾರಿಡಾದ ಕೋರ್ಟಿನಲ್ಲಿ ಆರೋಪಿಗಳ ಕಡೆಯ ವಾದ, ಅವನು ಇಷ್ಟಪಟ್ಟೇ ಬಸ್ಸಿನೊಳಗೆ ನಡೆದ ಅಂತ. ಇದನ್ನು ಸುಲಭಕ್ಕೆ ತಳ್ಳಿಹಾಕಲಿಕ್ಕಾಗುವುದಿಲ್ಲ. ಪ್ರಾಯಕ್ಕೆ ಬಂದವನು, ಬ್ಯಾಂಡಿನ ಮುಂದೆ ನಡೆಯುವ ನಾಯಕ ಬೇರೆ. ಆದರೆ ಅಲ್ಲಿನ ಕಾನೂನಿನಲ್ಲಿ, ಇಂಥ ಕೃತ್ಯಕ್ಕೆ ಒಪ್ಪಿಗೆ ಇತ್ತು ಅನ್ನುವುದು ಸಮರ್ಥನೆಯೇ ಅಲ್ಲ. ಕಾನೂನು ಸರಿ ಅಂತಲೇ ನನಗೆ ಅನಿಸುವುದು. ಬೇಡ ಅಂದರೆ ಹೊರಗಿನವನಾಗಿಯೇ ಉಳಿಯಬೇಕು ಅಂತಿರುವಾಗ ಹೇಳುವ 'ಹೂಂ' ಎಂತ ಒಪ್ಪಿಗೆ? ನಾವು ಗುಂಡಿ ನೋಡಿದ್ದೂ ಒಪ್ಪಿಯೇ ಅಲ್ವಾ?

ನಮ್ಮ ಟೀಮಿನಲ್ಲಿ ಹೊಸಬರಿಗೆ ಮೊದಲ ಆರು ತಿಂಗಳು ರಾತ್ರಿ ಸಪೋರ್ಟ್ ಎಂಬ ಪದ್ಧತಿ ಇತ್ತು. ಯಾರೂ ಬೇಡ ಅಂದದ್ದಿಲ್ಲ. ಹೋದ ವರ್ಷ ಸೇರಿದ ಹುಡುಗಿ ಮೀಟಿಂಗಿನಲ್ಲೇ ಕೇಳಿದಳು, "ಇದ್ರಲ್ಲಿ ನಾನು ಎಂತ ಕಲೀತೇನೆ ಸರ್?" ಒಂದು ತಿಂಗಳಿಗೆ ಆಗುವಷ್ಟು ಕಲಿಕೆ ಉಂಟು, ಆರು ತಿಂಗಳಿಗೆ ಇಲ್ಲ. ಈಗ ರಾತ್ರಿಗಳನ್ನು ಎಲ್ಲರಿಗೂ ಹಂಚಿದ್ದೇವೆ, ಸೀನಿಯರುಗಳ ಗೊಣಗಾಟ ಇನ್ನೂ ನಿಂತಿಲ್ಲ. ಮುಂದಿನ ಶನಿವಾರದ್ದು ನನ್ನ ಪಾಳಿ.