ಗೆದ್ದ ಕೋಟೆ, ಉಳಿದ ಹಗೆ

ಕ್ರಿ.ಶ. 1749ರಲ್ಲಿ ಮೈಸೂರಿನ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯನು ದೇವನಹಳ್ಳಿಯ ಕೋಟೆಗೆ ಮುತ್ತಿಗೆ ಹಾಕಿದನು. ಒಳಗಿದ್ದ ಪಾಳೆಯಗಾರನೂ ಇದೇ ನೆಲದವನು. ಒಂದೇ ನಾಡಿನ ಮಕ್ಕಳು ತಿಂಗಳುಗಟ್ಟಲೆ ಕಾದಾಡಿದರು. ಕೋಟೆ ಕೈವಶವಾಯಿತು. ಆ ಕಾಳಗದಲ್ಲಿ ಸಾಹಸ ಮೆರೆದ ಹೈದರಾಲಿಯೆಂಬ ಸವಾರನನ್ನು ನಂಜರಾಜಯ್ಯನೇ ಮೆಚ್ಚಿ ಮೇಲೆತ್ತಿದನು.

ನೆಲಮಂಗಲ ಸೀಮೆಯ ಶಿವಗಂಗೆಯ ಮಹಿಮೆಯನ್ನು ‘ಕಕುದ್ಗಿರಿ ಮಾಹಾತ್ಮ್ಯ’ವಾಗಿ ಬರೆದ ಶಿವಭಕ್ತನೀತ. ಆದರೂ ಅಧಿಕಾರದ ಮೋಹ ಬಿಡಲಿಲ್ಲ. ಹತ್ತು ವರ್ಷಗಳಲ್ಲಿ, 1759ರಲ್ಲಿ, ಆ ಅಧಿಕಾರ ಕೈಬಿಟ್ಟಿತು. 1761ರಲ್ಲಿ ರಾಜ್ಯವೇ ಹೈದರನ ವಶವಾಯಿತು. ಸೋತವನಿಗೂ ಗೆದ್ದವನಿಗೂ ಕೋಟೆ ಉಳಿಯಲಿಲ್ಲ.

ಶರಣರು ಹಗೆಯನ್ನು ಹೊರಗೆ ಹುಡುಕಲಿಲ್ಲ. ಕಾಮ ಕ್ರೋಧ ಲೋಭಗಳನ್ನೇ ಹಗೆಗಳೆಂದರು. ಗೇಣು ಬದುವಿಗಾಗಿ ಒಡಹುಟ್ಟಿದವನ ಮೇಲೆ ಕೈಯೆತ್ತುವ ಸದ್ಭಕ್ತನು ಕ್ಷಣಕಾಲ ಕರಸ್ಥಲದ ಲಿಂಗವನ್ನು ನೋಡಲಿ. ಮುತ್ತಿಗೆ ಹಾಕಬೇಕಾದ ಕೋಟೆ ಯಾವುದೆಂದು ಆಗ ತಿಳಿದೀತು.