ತಾಳ್ಮೆಯ ಬೆಲೆ ತೆರುವವರು ಯಾರು?

'ತಾಳಿದವನು ಬಾಳಿಯಾನು' ಎಂಬುದು ನಮ್ಮ ಹಿರಿಯರ ಮಾತು. ಸಂತ ಪೌಲರು ಪವಿತ್ರಾತ್ಮರ ಫಲಗಳನ್ನು ಎಣಿಸುವಾಗ ತಾಳ್ಮೆಯನ್ನು ಮರೆಯುವುದಿಲ್ಲ. ಆದರೆ ಪ್ರಿಯ ಓದುಗರೇ, ತಾಳ್ಮೆ ಎಲ್ಲ ಕಾಲಕ್ಕೂ ಸದ್ಗುಣವೇ? ಕಾಯುವುದೇ ತಪ್ಪಾಗುವ ಸಂದರ್ಭಗಳೂ ಇವೆಯೇ? ಅಮೆರಿಕದ ಮೊದಲ ಕಥೋಲಿಕ ಅಧ್ಯಕ್ಷರಾದ ಜಾನ್ ಎಫ್. ಕೆನಡಿಯವರ ಆಡಳಿತದ ಕೆಲವು ತಿಂಗಳುಗಳು ಈ ಪ್ರಶ್ನೆಯನ್ನು ನಮ್ಮ ಮುಂದೆ ಸ್ಪಷ್ಟವಾಗಿ ಇಡುತ್ತವೆ. ಒಬ್ಬನೇ ಮನುಷ್ಯ ಒಂದು ಕಡೆ ಕಾದು ಜಗತ್ತನ್ನು ಉಳಿಸಿದ. ಇನ್ನೊಂದು ಕಡೆ ಕಾದು ತನ್ನದೇ ಜನರನ್ನು ನೋಯಿಸಿದ.

1961ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡಾಗ ಕೆನಡಿಯವರಿಗೆ 43 ವರ್ಷ. ಮೂರೇ ತಿಂಗಳಲ್ಲಿ ಅವರು ಎಡವಿದರು. ಫಿಡೆಲ್ ಕ್ಯಾಸ್ಟ್ರೊ ಸರ್ಕಾರವನ್ನು ಉರುಳಿಸಲು ಗುಪ್ತಚರ ಇಲಾಖೆ ತರಬೇತಿ ನೀಡಿದ್ದ ಸುಮಾರು 1,400 ಮಂದಿ ಕ್ಯೂಬಾದ ಬೇ ಆಫ್ ಪಿಗ್ಸ್ ತೀರದಲ್ಲಿ ಇಳಿದರು. ಮೂರು ದಿನಗಳಲ್ಲಿ ಅವರು ಸೋತು, ಹೆಚ್ಚಿನವರು ಸೆರೆಯಾದರು. ಕೆನಡಿಯವರು ಹೊಣೆಯನ್ನು ಅಧಿಕಾರಿಗಳ ಮೇಲೆ ಹೊರಿಸದೆ ತಾವೇ ಬಹಿರಂಗವಾಗಿ ಒಪ್ಪಿಕೊಂಡರು. ತಜ್ಞರು ಒಕ್ಕೊರಲಿನಿಂದ ನುಡಿದ ಮಾತೂ ತಪ್ಪಾಗಬಹುದು ಎಂಬುದು ಆ ಸೋಲು ಕಲಿಸಿದ ಪಾಠ.

ಆ ಪಾಠ ಉಪಯೋಗಕ್ಕೆ ಬಂದದ್ದು 1962ರ ಅಕ್ಟೋಬರ್ 16ರಂದು. ಸೋವಿಯತ್ ಒಕ್ಕೂಟವು ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿಗಳನ್ನು ನೆಲೆಗೊಳಿಸುತ್ತಿರುವುದನ್ನು ತೋರಿಸುವ ಛಾಯಾಚಿತ್ರಗಳು ಅಂದು ಅಧ್ಯಕ್ಷರ ಮೇಜಿಗೆ ಬಂದವು. ಮೊದಲ ದಿನ ಕೆನಡಿಯವರ ಮನಸ್ಸೂ ವಾಯುದಾಳಿಯ ಕಡೆಗೇ ವಾಲಿತ್ತು. ಅಂದೇ ತೀರ್ಮಾನಿಸಿದ್ದರೆ ಏನಾಗುತ್ತಿತ್ತೋ ಊಹಿಸಲೂ ಭಯವಾಗುತ್ತದೆ. ಅವರು ಆರು ದಿನ ಕಾದರು. ಸಲಹೆಗಾರರು ಮುಚ್ಚಿದ ಬಾಗಿಲ ಹಿಂದೆ ವಾದಿಸಲು ಬಿಟ್ಟರು. ಮುನ್ಸೂಚನೆಯಿಲ್ಲದೆ ಸಣ್ಣ ದೇಶವೊಂದರ ಮೇಲೆ ಬಾಂಬು ಸುರಿಸಿದರೆ ಪರ್ಲ್ ಹಾರ್ಬರಿನ ಮೇಲೆ ಜಪಾನ್ ಮಾಡಿದ್ದನ್ನೇ ನಾವು ಮಾಡಿದಂತಾಗುವುದಿಲ್ಲವೇ ಎಂಬ ಧರ್ಮಸೂಕ್ಷ್ಮದ ಪ್ರಶ್ನೆಯನ್ನು ತಮ್ಮ ರಾಬರ್ಟ್ ಕೆನಡಿ ಎತ್ತಿದರು. ದಾಳಿ ಮಾಡದಿರುವುದು ಮ್ಯೂನಿಕ್‌ನಲ್ಲಿ ಹಿಟ್ಲರನಿಗೆ ಮಣಿದದ್ದಕ್ಕೆ ಸಮ ಎಂಬ ಅರ್ಥದಲ್ಲಿ ವಾಯುಪಡೆಯ ಮುಖ್ಯಸ್ಥರು ಅಧ್ಯಕ್ಷರ ಮುಖಕ್ಕೇ ಹೇಳಿದರು. ಕೆನಡಿಯವರು ಆ ಚುಚ್ಚುಮಾತನ್ನು ಸಹಿಸಿಕೊಂಡು, ಹಡಗುಗಳನ್ನು ತಡೆಯುವ ನೌಕಾ ದಿಗ್ಬಂಧನವನ್ನು ಆರಿಸಿಕೊಂಡರು.

ಅದೇ ತಿಂಗಳ 11ರಂದು ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾಗಿತ್ತು. 20ರಂದು ನಮ್ಮ ಹಿಮಾಲಯದ ಗಡಿಯಲ್ಲಿ ಚೀನಾದ ಆಕ್ರಮಣ ನಡೆದಿತ್ತು. 25ರಂದು ವಿಶ್ವಗುರು 23ನೆಯ ಜಾನ್‌ರವರು ವ್ಯಾಟಿಕನ್ ರೇಡಿಯೊ ಮೂಲಕ, ಶಾಂತಿಗಾಗಿ ಮೊರೆಯಿಡುವ ಜನರ ಕೂಗಿಗೆ ಕಿವಿಗೊಡಿರೆಂದು ಆಳುವವರನ್ನು ಬೇಡಿಕೊಂಡರು. ನಾಸ್ತಿಕ ಸರ್ಕಾರದ ಮುಖವಾಣಿಯಾದ 'ಪ್ರಾವ್ದಾ' ಪತ್ರಿಕೆಯೂ ಆ ಮನವಿಯನ್ನು ಪ್ರಕಟಿಸಿತು. 27ರಂದು ಅಮೆರಿಕದ ವಿಮಾನವೊಂದನ್ನು ಕ್ಯೂಬಾದ ಮೇಲೆ ಹೊಡೆದುರುಳಿಸಲಾಯಿತು, ಚಾಲಕ ಸತ್ತರು. ಆಗಲೂ ಕೆನಡಿಯವರು ಪ್ರತೀಕಾರಕ್ಕೆ ಆಜ್ಞೆ ಕೊಡಲಿಲ್ಲ. ಅಂದು ರಾತ್ರಿ ರಾಬರ್ಟ್ ಕೆನಡಿಯವರು ಸೋವಿಯತ್ ರಾಯಭಾರಿಯನ್ನು ಕಂಡು, ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನೂ ತೆಗೆಯುವುದಾಗಿ ಗುಟ್ಟಾಗಿ ಭರವಸೆಯಿತ್ತರು. ಮರುದಿನ ಕ್ರುಶ್ಚೇವ್ ತಮ್ಮ ಕ್ಷಿಪಣಿಗಳನ್ನು ಹಿಂತೆಗೆದುಕೊಳ್ಳಲು ಒಪ್ಪಿದರು. ಎದುರಾಳಿಯನ್ನು ಹೀಯಾಳಿಸಿ ವಿಜಯೋತ್ಸವ ಆಚರಿಸಬಾರದೆಂದು ಕೆನಡಿಯವರು ತಮ್ಮವರಿಗೆ ಕಟ್ಟಪ್ಪಣೆ ಮಾಡಿದರು. ಕ್ಯೂಬಾದ ವಿರುದ್ಧ ಅವರದೇ ಸರ್ಕಾರ ನಡೆಸುತ್ತಿದ್ದ ಗುಪ್ತ ಕಾರ್ಯಾಚರಣೆಗಳೂ ಈ ಬಿಕ್ಕಟ್ಟಿಗೆ ಒಂದು ಕಾರಣವೆಂಬುದನ್ನು ಮರೆಯುವಂತಿಲ್ಲ. ಆದರೂ ಆ ಹದಿಮೂರು ದಿನಗಳ ತಾಳ್ಮೆಗೆ ಜಗತ್ತು ಋಣಿಯಾಗಿದೆ.

ಇನ್ನು ಮನೆಯೊಳಗಿನ ಕಥೆ. ಸರ್ಕಾರಿ ನೆರವಿನ ವಸತಿಯಲ್ಲಿ ವರ್ಣಭೇದವನ್ನು ಲೇಖನಿಯ ಒಂದು ಗೀರಿನಿಂದ ಅಳಿಸಬಹುದೆಂದು 1960ರ ಚುನಾವಣೆಯಲ್ಲಿ ಹೇಳಿದವರು ಇದೇ ಕೆನಡಿ. ಗೆದ್ದ ಮೇಲೆ ದಕ್ಷಿಣದ ರಾಜಕಾರಣಿಗಳ ಬೆಂಬಲ ಕಳೆದುಕೊಳ್ಳುವ ಅಂಜಿಕೆಯಿಂದ ಸಹಿಯನ್ನು ಮುಂದೂಡುತ್ತಲೇ ಬಂದರು. ಅಧ್ಯಕ್ಷರ ಬಳಿ ಬಹುಶಃ ಲೇಖನಿಯಿಲ್ಲವೆಂದು ಅಣಕಿಸಿ ಜನ ಅಂಚೆಯಲ್ಲಿ ಲೇಖನಿಗಳನ್ನು ಕಳುಹಿಸಿದರು. ಸಹಿ ಬಿದ್ದದ್ದು 1962ರ ನವೆಂಬರ್ 20ರಂದು. ಅದಕ್ಕೂ ಮೊದಲು, ಸೆಪ್ಟೆಂಬರ್ ಕೊನೆಯಲ್ಲಿ, ಜೇಮ್ಸ್ ಮೆರೆಡಿತ್ ಎಂಬ ಕಪ್ಪು ಯುವಕ ನ್ಯಾಯಾಲಯದ ಆದೇಶ ಹಿಡಿದು ಮಿಸಿಸಿಪಿ ವಿಶ್ವವಿದ್ಯಾಲಯ ಸೇರಲು ಹೋದಾಗ ಗಲಭೆಯೆದ್ದು ಇಬ್ಬರು ಸತ್ತರು. ಒಬ್ಬ ವಿದ್ಯಾರ್ಥಿಯ ದಾಖಲಾತಿಗೆ ಸೈನ್ಯವೇ ಬರಬೇಕಾಯಿತು.

1963ರ ಶುಭ ಶುಕ್ರವಾರದಂದು ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮಿನಲ್ಲಿ ಬಂಧಿತರಾದರು. ಈ ಚಳವಳಿ ಅಕಾಲಿಕ, ಇನ್ನಷ್ಟು ತಾಳಿಕೊಳ್ಳಿ ಎಂದು ಎಂಟು ಮಂದಿ ಬಿಳಿಯ ಧರ್ಮಗುರುಗಳು ಹೇಳಿಕೆ ಕೊಟ್ಟಿದ್ದರು. ನಮ್ಮ ಕಥೋಲಿಕ ಸಹಾಯಕ ಧರ್ಮಾಧ್ಯಕ್ಷರೊಬ್ಬರೂ ಅವರಲ್ಲಿದ್ದರು. ಮುಂದೆ ಅವರು ಮನಪರಿವರ್ತನೆ ಹೊಂದಿ ಸಮಾನತೆಯ ಪರವಾಗಿ ನಿಂತರೆಂಬುದನ್ನೂ ಹೇಳಬೇಕು. ತಲೆತಲಾಂತರಗಳಿಂದ ಕಾದವರಿಗೆ 'ಕಾಯಿರಿ' ಎನ್ನುವುದು 'ಎಂದಿಗೂ ಇಲ್ಲ' ಎಂದಂತೆಯೇ ಎಂದು ಕಿಂಗ್ ಸೆರೆಮನೆಯಿಂದ ಉತ್ತರ ಬರೆದರು. ಮೇ ತಿಂಗಳಲ್ಲಿ ಮೆರವಣಿಗೆ ಹೊರಟ ಶಾಲಾಮಕ್ಕಳ ಮೇಲೆ ಪೊಲೀಸರು ನಾಯಿಗಳನ್ನು ಛೂಬಿಟ್ಟರು, ರಭಸದ ನೀರು ಹಾಯಿಸಿದರು. ಜೂನ್ 11ರ ರಾತ್ರಿ ಕೆನಡಿಯವರು ಕೊನೆಗೂ ದೂರದರ್ಶನದಲ್ಲಿ ರಾಷ್ಟ್ರದ ಮುಂದೆ ನಿಂತು, ಇದು ಮೊದಲಾಗಿ ಒಂದು ನೈತಿಕ ಪ್ರಶ್ನೆ ಎಂದು ಘೋಷಿಸಿದರು. ಆ ಭಾಷಣವಾದ ಕೆಲವೇ ಗಂಟೆಗಳಲ್ಲಿ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ತಮ್ಮ ಮನೆಯಂಗಳದಲ್ಲೇ ಗುಂಡೇಟಿಗೆ ಬಲಿಯಾದರು. ನಾಗರಿಕ ಹಕ್ಕುಗಳ ಕಾಯಿದೆ ಜಾರಿಗೆ ಬಂದದ್ದು 1964ರ ಜುಲೈಯಲ್ಲಿ. ಆ ವೇಳೆಗೆ ಕೆನಡಿಯವರೂ ಕೊಲೆಯಾಗಿ ಏಳು ತಿಂಗಳು ಕಳೆದಿತ್ತು.

ಒಂದೇ ಮನುಷ್ಯನ ಎರಡು ತಾಳ್ಮೆಗಳು. ಮೊದಲನೆಯದನ್ನು ನಾವು ಕೊಂಡಾಡುತ್ತೇವೆ, ಎರಡನೆಯದಕ್ಕೆ ಮರುಗುತ್ತೇವೆ. ವ್ಯತ್ಯಾಸವಾದರೂ ಎಲ್ಲಿದೆ? ನನಗೆ ತೋರುವ ಉತ್ತರ ಇದು: ಕಾಯುವುದರ ಬೆಲೆ ತೆರುವವರು ಯಾರೆಂದು ನೋಡಬೇಕು. ಕ್ಯೂಬಾದ ವಿಷಯದಲ್ಲಿ ಕೆನಡಿಯವರು ಹೇಡಿಯೆಂಬ ನಿಂದೆಯನ್ನು ತಾವೇ ಹೊತ್ತರು. ಉಳಿದದ್ದು ಪರರ ಪ್ರಾಣ. ವರ್ಣಭೇದದ ವಿಷಯದಲ್ಲಿ ಅವರು ಉಳಿಸಿಕೊಂಡದ್ದು ತಮ್ಮ ರಾಜಕೀಯ ಬಲ. ಬೆಲೆ ತೆತ್ತವರು ಕಪ್ಪು ಜನಾಂಗದ ತಾಯಂದಿರು, ಮಕ್ಕಳು.

ಶುಭಸಂದೇಶಕಾರ ಲೂಕರು ಈ ಎರಡನ್ನೂ ನಮಗೆ ತೋರಿಸಿದ್ದಾರೆ. ಹಣ್ಣು ಬಿಡದ ಅಂಜೂರದ ಮರವನ್ನು ಇನ್ನೊಂದು ವರ್ಷ ಬಿಡಿರೆಂದು ತೋಟಗಾರ ಬೇಡುತ್ತಾನೆ. ಸುತ್ತಲೂ ಅಗೆದು ಗೊಬ್ಬರ ಹಾಕುವ ದುಡಿಮೆ ಮಾತ್ರ ತನ್ನದೆನ್ನುತ್ತಾನೆ. ಇನ್ನೊಂದು ಸಾಮತಿಯ ಧನಿಕ ಲಾಜರನನ್ನು ಹೊಡೆಯಲಿಲ್ಲ, ಬೈದು ಅಟ್ಟಲೂ ಇಲ್ಲ. ಬಾಗಿಲಲ್ಲಿ ಬಿದ್ದವನನ್ನು ದಿನವೂ ದಾಟಿ ಹೋದ, ಅಷ್ಟೇ. ಅವನ ನಾಳೆಗಳ ಬೆಲೆಯನ್ನು ಲಾಜರ ತೆತ್ತ.

ಪ್ರಿಯರೇ, ನಮ್ಮ ಕೈಯಲ್ಲಿ ಅಣ್ವಸ್ತ್ರಗಳಿಲ್ಲ, ರಾಷ್ಟ್ರದ ಲೇಖನಿಯೂ ಇಲ್ಲ. ಆದರೂ ಕಾಯುವ ಅಧಿಕಾರ ಅಲ್ಪಸ್ವಲ್ಪ ಎಲ್ಲರಿಗೂ ಇದೆ. ಸಿಟ್ಟಿನ ಮಾತು ನಾಲಿಗೆಯ ತುದಿಗೆ ಬಂದಾಗ ಕಾಯೋಣ. ಅಲ್ಲಿ ನೋಯುವುದು ನಮ್ಮ ಅಹಂಕಾರ ಮಾತ್ರ. ಆದರೆ ತಂಗಿಗೆ ಸೇರಬೇಕಾದ ಪಾಲು, ಮನೆಗೆಲಸದವಳ ಸಂಬಳ, ಜಾತಿಯ ಕಾರಣಕ್ಕೆ ದೇವಾಲಯದಲ್ಲೇ ಹಿಂದೆ ನಿಂತ ಸಹೋದರನ ಗೌರವ, ಇವುಗಳಿಗೆ 'ಸಮಯ ಬರಲಿ' ಎನ್ನುವಾಗ ಕಾಯುತ್ತಿರುವವರು ನಾವಲ್ಲ, ಅವರು. ಮುಂದಿನ ಬಾರಿ ಪಾಪನಿವೇದನೆಗೆ ಸಿದ್ಧರಾಗುವಾಗ, ಮಾಡಿದ ತಪ್ಪುಗಳ ಜೊತೆಗೆ ಮುಂದೂಡಿದ ನ್ಯಾಯಗಳನ್ನೂ ನೆನೆಯೋಣ. ಅವುಗಳಲ್ಲಿ ಒಂದನ್ನಾದರೂ ಅಂದೇ ಮುಗಿಸೋಣ.